ರಂಗೋಲಿಯ ಕೆಳಗೆ ತೂರಿದ ಬಂದೂಕು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಒಂದು ವಿಚಿತ್ರ ಬಂದೂಕು ಮಾರಾಟವಾಗುತ್ತದೆ. ಮೂಲದಲ್ಲಿ ಅದು ಎಆರ್-15 ಜಾತಿಯ ಅರೆ-ಸ್ವಯಂಚಾಲಿತ ರೈಫಲ್. ಟ್ರಿಗರನ್ನು ಒಮ್ಮೆ ಒತ್ತಿದರೆ ಒಂದು ಗುಂಡು ಹಾರುತ್ತದೆ, ಮುಂದಿನ ತೋಟಾ ತಾನಾಗಿಯೇ ಬಂದು ಕೂರುತ್ತದೆ. ಈ ಜಾತಿಯ ರೈಫಲ್‌ಗಳಲ್ಲಿ ಟ್ರಿಗರಿನ ಹಿಂದೆ ಪಿಸ್ತೂಲಿಗಿರುವಂಥ ಹಿಡಿಕೆಯೊಂದು ಕೆಳಕ್ಕೆ ಚಾಚಿಕೊಂಡಿರುತ್ತದೆ. ಅಂಗೈ ಅದನ್ನು ಪೂರ್ತಿಯಾಗಿ ಸುತ್ತಿ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದ ಈ ಬಂದೂಕಿನಲ್ಲಿ ಮಾತ್ರ ಹಿಡಿಕೆಯ ಹಿಂಬದಿಗೆ ಮೀನಿನ ಈಜುರೆಕ್ಕೆಯಂಥ ಪ್ಲಾಸ್ಟಿಕ್ ಹಲಗೆಯೊಂದು ಅಂಟಿಕೊಂಡಿರುತ್ತದೆ. ಹೆಬ್ಬೆರಳು ಸುತ್ತಿಕೊಳ್ಳಲು ಹೋದರೆ ಆ ಹಲಗೆ ಅಡ್ಡ ಬರುತ್ತದೆ. ಬಲಗೈಯವನ ಹೆಬ್ಬೆರಳು ಬಲಬದಿಯಲ್ಲೇ ಉಳಿದುಬಿಡಬೇಕು.

ಆ ಹಲಗೆಯಿಂದ ಗುರಿ ನೇರವಾಗುವುದಿಲ್ಲ. ಬಂದೂಕಿನ ಒದೆತ ಕಡಿಮೆಯಾಗುವುದಿಲ್ಲ. ಗುಂಡಿನ ವೇಗ ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಅದು ಅಲ್ಲಿರುವುದು ಕಾನೂನಿನ ಒಂದು ವಾಕ್ಯದ ಸಲುವಾಗಿ. ‘ಪಿಸ್ತೂಲ್ ಹಿಡಿಕೆ’ ಎಂದರೇನು ಎಂದು ರಾಜ್ಯದ ನಿಯಮಗಳು ವ್ಯಾಖ್ಯಾನಿಸಿವೆ. ಆ ವ್ಯಾಖ್ಯೆಗೆ ಹೊರಗಿರುವುದೇ ಆ ಹಲಗೆಯ ಏಕೈಕ ಉದ್ಯೋಗ.

ಈ ಬಂದೂಕಿನ ಚಿತ್ರ ಕಂಡವರು ಸಾಮಾನ್ಯವಾಗಿ ನಗುತ್ತಾರೆ. ನಗುವವರಲ್ಲಿ ಎರಡು ಪಂಗಡ. ಶಾಸಕರಿಗೆ ಬಂದೂಕಿನ ತಲೆಬುಡ ಗೊತ್ತಿಲ್ಲ, ಆದ್ದರಿಂದ ಬಂದೂಕು ನಿಯಂತ್ರಣದ ಕಾನೂನುಗಳೇ ನಿರರ್ಥಕ ಎನ್ನುವವರದು ಒಂದು ಪಂಗಡ. ಕಾನೂನು ಸಾಧುವಾದದ್ದೇ, ಅದನ್ನು ಕೆಡಿಸಿದವರು ದುರಾಸೆಯ ತಯಾರಕರು ಎನ್ನುವವರದು ಇನ್ನೊಂದು. ನನ್ನ ತಕರಾರು ಎರಡೂ ಪಂಗಡಗಳೊಡನೆ. ಆ ಹಲಗೆಯನ್ನು ಅಚ್ಚು ಹಾಕಿದ್ದು ಕಾರ್ಖಾನೆಯಾದರೂ ಅದರ ನಕ್ಷೆ ಬರೆದದ್ದು ಶಾಸನಸಭೆ. ತಾನು ನಿಜವಾಗಿ ಯಾವುದಕ್ಕೆ ಹೆದರುತ್ತಿದ್ದೇನೆಂದು ಬಾಯಿಬಿಟ್ಟು ಹೇಳಲು ಅಂಜಿದ ಕಾನೂನು, ಆ ಭಯದ ಹೊರರೂಪವನ್ನು ಮಾತ್ರ ವರ್ಣಿಸಿತು. ತಯಾರಕ ಆ ರೂಪವನ್ನು ಬದಲಿಸಿದ. ಭಯ ಇದ್ದಲ್ಲೇ ಉಳಿಯಿತು. ಇದು ಅಜ್ಞಾನದ ಕಥೆಯೂ ಅಲ್ಲ, ಬರಿಯ ಧೂರ್ತತನದ ಕಥೆಯೂ ಅಲ್ಲ. ಅಧೈರ್ಯದ ಕಥೆ.

ಕಥೆ ಆರಂಭವಾಗುವುದು ಸತ್ತ ಮಕ್ಕಳಿಂದ. 1989ರ ಜನವರಿ 17ರಂದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರಿನ ಪ್ರಾಥಮಿಕ ಶಾಲೆಯೊಂದರ ಆಟದ ಬಯಲಿನಲ್ಲಿ ಒಬ್ಬ ವ್ಯಕ್ತಿ ಎಕೆ ಮಾದರಿಯ ಅರೆ-ಸ್ವಯಂಚಾಲಿತ ಬಂದೂಕಿನಿಂದ ಗುಂಡಿನ ಮಳೆಗರೆದ. ಐವರು ಮಕ್ಕಳು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತ ಮಕ್ಕಳು ಕಾಂಬೋಡಿಯ ಮತ್ತು ವಿಯೆಟ್ನಾಂಗಳ ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತ ಕುಟುಂಬಗಳವು. ಅದೇ ವರ್ಷ ರಾಜ್ಯ ‘ರಾಬರ್ಟಿ-ರೂಸ್’ ಕಾಯಿದೆಯನ್ನು ತಂದಿತು. ‘ಆಕ್ರಮಣ ಶಸ್ತ್ರ’ಗಳನ್ನು ನಿಷೇಧಿಸಿದ ಅಮೆರಿಕದ ಮೊದಲ ರಾಜ್ಯ ಎನ್ನಿಸಿಕೊಂಡಿತು.

ಆ ಕಾಯಿದೆ ನಿಷೇಧಿಸಿದ್ದು ಹೇಗೆ? ಹೆಸರು ಹಿಡಿದು. ಇಂಥ ಕಂಪನಿಯ ಇಂಥ ಮಾದರಿ ಎಂದು ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಇಂಟ್ರಾಟೆಕ್ ಕಂಪನಿಯ ‘ಟೆಕ್-9’ ಎಂಬ ಅಗ್ಗದ ಪಿಸ್ತೂಲೂ ಇತ್ತು. ಕಂಪನಿ ಏನು ಮಾಡಿತು? ಪಿಸ್ತೂಲಿನ ಪಕ್ಕದಲ್ಲಿದ್ದ, ಹೆಗಲಪಟ್ಟಿ ಸಿಕ್ಕಿಸುವ ಬಳೆಯನ್ನು ತೆಗೆದು, ಬದಲಿಗೆ ಹಿಂಬದಿಯಲ್ಲಿ ಕಳಚಬಹುದಾದ ಒಂದು ಕೊಂಡಿ ಕೂರಿಸಿತು. ಹೆಸರನ್ನು ‘ಟೆಕ್-ಡಿಸಿ9’ ಎಂದು ಬದಲಾಯಿಸಿತು. ‘ಡಿಸಿ’ ಎಂದರೆ ‘ಡಿಸೈನ್ಡ್ ಫಾರ್ ಕ್ಯಾಲಿಫೋರ್ನಿಯಾ’, ಅಂದರೆ ಕ್ಯಾಲಿಫೋರ್ನಿಯಾಕ್ಕಾಗಿಯೇ ವಿನ್ಯಾಸಗೊಳಿಸಿದ್ದು. ಕಾನೂನನ್ನು ಅಣಕಿಸಿದ್ದಷ್ಟೇ ಅಲ್ಲ, ಅಣಕವನ್ನೇ ಹೆಸರಾಗಿ ಲೋಹದ ಮೇಲೆ ಕೊರೆದದ್ದು.

1993ರ ಜುಲೈ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಚೇರಿ ಕಟ್ಟಡಕ್ಕೆ ನುಗ್ಗಿದ ಹಂತಕನ ಬಳಿ ಇಂಥ ಎರಡು ಡಿಸಿ9ಗಳಿದ್ದವು. ಅವುಗಳನ್ನು ಅವನು ಕೊಂಡದ್ದು ಪಕ್ಕದ ನೆವಾಡಾ ರಾಜ್ಯದಲ್ಲಿ. ಎಂಟು ಜನ ಸತ್ತರು. ಸತ್ತವರ ಕಡೆಯವರು ತಯಾರಕರ ಮೇಲೆ ದಾವೆ ಹೂಡಿದರು. 2001ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಬಂದೂಕು ತಯಾರಕರನ್ನು ಅಂಥ ಹೊಣೆಯಿಂದ ಕಾಪಾಡುವ ಕಲಮೊಂದು ಅದೇ ರಾಜ್ಯದ ಸಂಹಿತೆಯಲ್ಲಿತ್ತು. ಒಂದು ಕೈಯಿಂದ ಬಂದೂಕನ್ನು ಪಟ್ಟಿಗೆ ಸೇರಿಸಿದ ಶಾಸನಸಭೆ ಇನ್ನೊಂದು ಕೈಯಿಂದ ತಯಾರಕನಿಗೆ ಕೊಡೆ ಹಿಡಿದಿತ್ತು. ಮರುವರ್ಷ ರಾಜ್ಯ ಆ ಕೊಡೆಯನ್ನು ಮಡಚಿತು. 2005ರಲ್ಲಿ ಕೇಂದ್ರದ ಕಾಂಗ್ರೆಸ್ಸು ಅದಕ್ಕಿಂತ ದೊಡ್ಡ ಕೊಡೆಯನ್ನು ಇಡೀ ದೇಶದ ಮಟ್ಟದಲ್ಲಿ ಬಿಚ್ಚಿತು. ಈ ನಡುವೆ, 1999ರಲ್ಲಿ, ಕೊಲರಾಡೋದ ಕೊಲಂಬೈನ್ ಪ್ರೌಢಶಾಲೆಯ ಹತ್ಯಾಕಾಂಡದಲ್ಲಿ ಬಳಕೆಯಾದ ನಾಲ್ಕು ಬಂದೂಕುಗಳಲ್ಲಿ ಒಂದು ‘ಕ್ಯಾಲಿಫೋರ್ನಿಯಾಕ್ಕಾಗಿ ವಿನ್ಯಾಸಗೊಂಡ’ ಆ ಪಿಸ್ತೂಲೇ ಆಗಿತ್ತು.

ಹೆಸರಿನ ಪಟ್ಟಿ ಸೋತ ಮೇಲೆ ಲಕ್ಷಣಗಳ ಪಟ್ಟಿ ಬಂತು. 1994ರ ಕೇಂದ್ರ ಕಾಯಿದೆ ರೈಫಲಿನ ಐದು ಲಕ್ಷಣಗಳನ್ನು ಎಣಿಸಿತು: ಮಡಚುವ ಅಥವಾ ಒಳಸರಿಯುವ ಬಟ್, ಪಿಸ್ತೂಲ್ ಹಿಡಿಕೆ, ಬಯೋನೆಟ್ ಸಿಕ್ಕಿಸುವ ಜಾಗ, ನಳಿಕೆಯ ತುದಿಯಲ್ಲಿ ಬೆಂಕಿಯ ಹೊಳಪನ್ನು ತಗ್ಗಿಸುವ ಸಾಧನ ಅಥವಾ ಅದನ್ನು ಕೂರಿಸುವ ತಿರುಪುಗೆರೆ, ಗ್ರೆನೇಡ್ ಲಾಂಚರು. ಮ್ಯಾಗಜಿನ್ ಕಳಚಿ ತೆಗೆಯಬಹುದಾದ ಅರೆ-ಸ್ವಯಂಚಾಲಿತ ರೈಫಲಿನಲ್ಲಿ ಇವುಗಳಲ್ಲಿ ಎರಡು ಇದ್ದರೆ ಅಪರಾಧ, ಒಂದೇ ಇದ್ದರೆ ನಿರಪರಾಧ. ಪಿಸ್ತೂಲುಗಳಿಗೂ ಇಂಥದೇ ಇನ್ನೊಂದು ಪಟ್ಟಿ. ಇಂಟ್ರಾಟೆಕ್ ತನ್ನ ಪಿಸ್ತೂಲಿನ ನಳಿಕೆಯ ತಿರುಪುಗೆರೆ ತೆಗೆದು, ಹತ್ತು ಗುಂಡಿನ ಮ್ಯಾಗಜಿನ್ ಹಾಕಿ, ‘ಎಬಿ-10’ ಎಂದು ಮಾರಿತು. ‘ಎಬಿ’ ಎಂದರೆ ‘ಆಫ್ಟರ್ ಬ್ಯಾನ್’, ನಿಷೇಧದ ನಂತರದ್ದು. ಹತ್ತು ವರ್ಷದ ಆಯಸ್ಸು ಬರೆಸಿಕೊಂಡು ಹುಟ್ಟಿದ್ದ ಆ ಕೇಂದ್ರ ಕಾಯಿದೆ 2004ರಲ್ಲಿ ತಾನಾಗಿಯೇ ಸತ್ತಿತು.

ಕ್ಯಾಲಿಫೋರ್ನಿಯಾ ಮಾತ್ರ ಹಟ ಬಿಡಲಿಲ್ಲ. 1999ರಲ್ಲಿ ಅಂಗೀಕರಿಸಿ 2000ದ ಜನವರಿಯಿಂದ ಜಾರಿಗೆ ತಂದ ಹೊಸ ಕಾಯಿದೆಯಲ್ಲಿ ಎರಡು ಲಕ್ಷಣ ಬೇಕಿಲ್ಲ, ಒಂದೇ ಸಾಕು ಎಂದಿತು. ಆದರೆ ಮೊದಲ ಷರತ್ತು ಹಾಗೆಯೇ ಉಳಿಯಿತು: ಮ್ಯಾಗಜಿನ್ ‘ಕಳಚಬಲ್ಲ’ದ್ದಾಗಿರಬೇಕು. ಉಪಕರಣದ ಸಹಾಯವಿಲ್ಲದೆ ಸಲೀಸಾಗಿ ಬೇರ್ಪಡಿಸಲು ಬರುವಂಥದ್ದೇ ಕಳಚಬಲ್ಲ ಮ್ಯಾಗಜಿನ್ ಎಂದು ರಾಜ್ಯದ ನಿಯಮಾವಳಿ ಅರ್ಥ ಹೇಳಿತು. ಅಷ್ಟಕ್ಕೇ ಬಿಡದೆ, ಬಂದೂಕಿನ ಗುಂಡನ್ನೂ ಉಪಕರಣವೆಂದೇ ಎಣಿಸತಕ್ಕದ್ದು ಎಂದು ಸೇರಿಸಿತು. ಆ ಒಂದು ವಾಕ್ಯದಿಂದ ಒಂದು ಉದ್ಯಮವೇ ಹುಟ್ಟಿತು. ಬೆರಳಿನಿಂದ ಒತ್ತುವ ಗುಂಡಿಯ ಸುತ್ತ ಕಟ್ಟೆ ಕಟ್ಟಿ, ಒಳಗೆ ಸಣ್ಣ ತೂತು ಉಳಿಸಿದರು. ಬೆರಳು ಅದರೊಳಗೆ ಹೋಗದು, ಗುಂಡಿನ ಮೊನೆ ಹೋಗುತ್ತದೆ. ಅದರ ಹೆಸರೇ ‘ಬುಲೆಟ್ ಬಟನ್’. ಗುಂಡಿನ ಮೊನೆಯಿಂದ ಒತ್ತಿದರೆ ಮ್ಯಾಗಜಿನ್ ಕೆಳಗೆ ಬೀಳುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದು ಬಂದೂಕಿಗೆ ಶಾಶ್ವತವಾಗಿ ಬೆಸೆದುಕೊಂಡಿದೆ. ಪಿಸ್ತೂಲ್ ಹಿಡಿಕೆ, ಮಡಚುವ ಬಟ್ ಎಲ್ಲವೂ ಮರಳಿ ಬಂದವು.

2015ರ ಡಿಸೆಂಬರ್ 2ರಂದು ಸ್ಯಾನ್ ಬರ್ನಾರ್ಡಿನೋದಲ್ಲಿ 14 ಜನರನ್ನು ಕೊಂದ ರೈಫಲ್‌ಗಳು ಕ್ಯಾಲಿಫೋರ್ನಿಯಾದಲ್ಲೇ ಕಾನೂನುಬದ್ಧವಾಗಿ ಮಾರಾಟವಾದವು. ಆಮೇಲೆ ಅವುಗಳನ್ನು ಮಾರ್ಪಡಿಸಲಾಗಿತ್ತು. 2016ರಲ್ಲಿ ರಾಜ್ಯ ಬುಲೆಟ್ ಬಟನ್ ಅನ್ನು ಮುಚ್ಚಿತು: ಬಂದೂಕಿನ ಯಂತ್ರಭಾಗವನ್ನು ಬಿಚ್ಚದೆ ಮ್ಯಾಗಜಿನ್ ಹೊರಬಂದರೆ ಅದು ಕಳಚಬಲ್ಲದ್ದೇ. ಇದಕ್ಕೆ ಎರಡು ಉತ್ತರಗಳು ಬಂದವು. ಒಂದು, ಹಿಂದಿನ ಪಿನ್ನನ್ನು ಸರಿಸಿ ಬಂದೂಕನ್ನು ಕೂದಲೆಳೆಯಷ್ಟು ‘ಬಿಚ್ಚಿದ’ ಕೂಡಲೇ ಮ್ಯಾಗಜಿನ್ ಬೀಳುವಂಥ ಬೀಗ. ಎರಡು, ಆರಂಭದಲ್ಲಿ ವರ್ಣಿಸಿದ ಮೀನುರೆಕ್ಕೆಯ ಬಂದೂಕು. ಇಲ್ಲಿ ಮ್ಯಾಗಜಿನ್ ಧಾರಾಳವಾಗಿ ಕಳಚುತ್ತದೆ, ಪಟ್ಟಿಯ ಲಕ್ಷಣ ಮಾತ್ರ ಒಂದೂ ಇಲ್ಲ. ಅದನ್ನು ಮಾರುಕಟ್ಟೆಯಲ್ಲಿ ‘ಫೀಚರ್‌ಲೆಸ್’, ನಿರ್ಲಕ್ಷಣ ಬಂದೂಕು, ಎಂದೇ ಕರೆಯುತ್ತಾರೆ.

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಈ ಪಂದ್ಯದಲ್ಲಿ ತೂರುವವನೊಬ್ಬ, ಗುಂಡು ತಗುಲುವವನು ಇನ್ನೊಬ್ಬ. ಕನೆಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರ ಡಿಸೆಂಬರಿನಲ್ಲಿ 20 ಪುಟ್ಟ ಮಕ್ಕಳು ಮತ್ತು ಆರು ಜನ ಸಿಬ್ಬಂದಿ ಸತ್ತ ಒಂದು ತಿಂಗಳಿಗೆ ನ್ಯೂಯಾರ್ಕ್ ರಾಜ್ಯ ‘ಸೇಫ್ ಆಕ್ಟ್’ ತಂದಿತು. ಅಲ್ಲಿಯೂ ಒಂದೇ ಲಕ್ಷಣದ ಪರೀಕ್ಷೆ. ಆರೆಸ್ ಡಿಫೆನ್ಸ್ ಎಂಬ ಕಂಪನಿ ಎಆರ್-15ರ ಮೇಲ್ಭಾಗವನ್ನು ಉಳಿಸಿಕೊಂಡು, ಹಿಂದಕ್ಕೆ ಚಲಿಸುವ ಭಾಗಕ್ಕೆ ಕೀಲುಬಾಲವೊಂದನ್ನು ಜೋಡಿಸಿ, ಅಜ್ಜನ ಕಾಲದ ಬೇಟೆಬಂದೂಕಿನಂತೆ ಓರೆಯಾಗಿ ಇಳಿಯುವ ಬಟ್‌ನೊಳಗೆ ಅದನ್ನು ತೂರಿಸಿತು. ನೋಡಲು ಮೊಲ ಹೊಡೆಯುವ ಕೋವಿ, ಕೆಲಸದಲ್ಲಿ ಎಆರ್-15. ಇನ್ನೊಂದು ಬಗೆಯಲ್ಲಿ ಹತ್ತು ಗುಂಡಿನ ಮ್ಯಾಗಜಿನ್‌ಗೆ ಬೀಗ ಹಾಕಿ ‘ಸ್ಥಿರ’ಗೊಳಿಸಿದ ರೈಫಲ್‌ಗಳು ಬಂದವು. 2022ರ ಮೇ 14ರಂದು ಬಫಲೋ ನಗರದ ಅಂಗಡಿಯಲ್ಲಿ ಹತ್ತು ಮಂದಿ ಕಪ್ಪು ಜನರನ್ನು ಕೊಂದ ಯುವಕ ಅಂಥದೊಂದು ಬೀಗವನ್ನು ತೆಗೆದುಹಾಕಿ, 30 ಗುಂಡಿನ ಮ್ಯಾಗಜಿನ್‌ಗಳನ್ನು ಸಿಕ್ಕಿಸಿದ್ದ. ಮರುವರ್ಷ ರಾಜ್ಯದ ಅಟಾರ್ನಿ ಜನರಲ್ ಬೀಗ ತಯಾರಿಸಿದ ಕಂಪನಿಯ ಮೇಲೆ ದಾವೆ ಹೂಡಿದರು. ಬೀಗದ ಮೇಲೆ ದಾವೆ! ಬೀಗ ಹಾಕಿದರೆ ಸಾಕು ಎಂದು ಒಪ್ಪಿದ ವಾಕ್ಯದ ಮೇಲೆ ಯಾರು ದಾವೆ ಹೂಡಬೇಕು?

ಈ ಸರಣಿಯ ತುತ್ತತುದಿ 2019ರಲ್ಲಿ ಬಂತು. ನೆವಾಡಾದ ಫ್ರಾಂಕ್ಲಿನ್ ಆರ್ಮರಿ ಎಂಬ ಕಂಪನಿ ‘ಟೈಟಲ್ 1’ ಎಂಬ ಬಂದೂಕನ್ನು ಪ್ರಕಟಿಸಿತು. ಕ್ಯಾಲಿಫೋರ್ನಿಯಾದಲ್ಲಿ ರೈಫಲ್ ಎಂದರೆ ಹೆಗಲಿಗೆ ಒತ್ತಿ ಹಾರಿಸಲೆಂದು ಮಾಡಿದ್ದು. ಇದಕ್ಕೆ ಬಟ್ ಇಲ್ಲ, ಮೆತ್ತೆ ಸುತ್ತಿದ ಕೊಳವೆ ಮಾತ್ರ ಇದೆ, ಆದ್ದರಿಂದ ರೈಫಲ್ ಅಲ್ಲ. ಪಿಸ್ತೂಲೆಂದರೆ ನಳಿಕೆ 16 ಅಂಗುಲಕ್ಕಿಂತ ಚಿಕ್ಕದು; ಇದರ ನಳಿಕೆ ಅಷ್ಟು ಚಿಕ್ಕದಲ್ಲ, ಆದ್ದರಿಂದ ಪಿಸ್ತೂಲೂ ಅಲ್ಲ. ಶಾಟ್‌ಗನ್ನಂತೂ ಅಲ್ಲವೇ ಅಲ್ಲ. ಮೂರೂ ಅಲ್ಲದ್ದರಿಂದ ಮೂರರ ಮೇಲಿನ ನಿಷೇಧವೂ ಇದಕ್ಕೆ ತಗುಲದು.

ಕನ್ನಡದ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಗಲೂ ಅಲ್ಲ ಇರುಳೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ: ಹಿರಣ್ಯಕಶಿಪು ಬೇಡಿದ ವರದ ಬಿರುಕು ಎಲ್ಲಿತ್ತೆಂಬುದು ನಮಗೆ ಬಾಲ್ಯದಿಂದ ಗೊತ್ತು. ವ್ಯತ್ಯಾಸವಿಷ್ಟೇ. ಅಲ್ಲಿ ಹೊಸ್ತಿಲ ಮೇಲೆ ಕುಳಿತವನು ಮಗುವನ್ನು ಕಾಪಾಡಲು ಬಂದಿದ್ದ.

ಟೈಟಲ್ 1ನ್ನು ಆರಂಭದಲ್ಲಿ ತಡೆದದ್ದು ಶಾಸನವಲ್ಲ, ಒಂದು ಅರ್ಜಿ ನಮೂನೆ. ರಾಜ್ಯದ ವಿದ್ಯುನ್ಮಾನ ಮಾರಾಟ ದಾಖಲೆಯಲ್ಲಿ ಬಂದೂಕಿನ ಬಗೆಯನ್ನು ಆಯ್ದುಕೊಳ್ಳುವ ಕಡೆ ರೈಫಲ್, ಶಾಟ್‌ಗನ್ ಮುಂತಾದವುಗಳಿದ್ದವು. ‘ಇತರೆ’ ಎಂಬ ಆಯ್ಕೆ ಇರಲಿಲ್ಲ. ಆಯ್ಕೆ ಇಲ್ಲದ್ದರಿಂದ ಅಂಗಡಿಯವನು ದಾಖಲೆ ತುಂಬುವಂತಿಲ್ಲ. ದಾಖಲೆ ಇಲ್ಲದೆ ಮಾರುವಂತಿಲ್ಲ. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಸರ್ಕಾರಿ ಕಚೇರಿಯಲ್ಲಿ ಎರಡು ದಶಕ ಕಳೆದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮೂನೆಯಲ್ಲಿ ಕಲಮು ಇಲ್ಲದ ವಸ್ತು ಲೋಕದಲ್ಲೇ ಇಲ್ಲ ಎಂಬ ನಂಬಿಕೆ ಯಾವ ದೇಶದ ಕಚೇರಿಗೂ ಹೊಸದಲ್ಲ. 2020ರ ಆಗಸ್ಟಿನಲ್ಲಿ ಶಾಸನಸಭೆ ಎಚ್ಚೆತ್ತು, ರೈಫಲೂ ಪಿಸ್ತೂಲೂ ಶಾಟ್‌ಗನ್ನೂ ಅಲ್ಲದ್ದನ್ನು ಕೂಡ ವ್ಯಾಖ್ಯೆಯೊಳಗೆ ಎಳೆದುಕೊಂಡಿತು. ಎಳೆದುಕೊಂಡು ಅದಕ್ಕೆ ಹಚ್ಚಿದ್ದೇನು? ಮತ್ತೆ ಲಕ್ಷಣಗಳ ಪಟ್ಟಿ.

ಮೂವತ್ತು ವರ್ಷ ಇಷ್ಟೆಲ್ಲ ಆದಮೇಲೂ ಶಾಸಕರಿಗೆ ಬಂದೂಕು ಗೊತ್ತಿಲ್ಲ ಎನ್ನುವುದು ನಂಬುವ ಮಾತಲ್ಲ. ಸ್ಟಾಕ್ಟನ್ನಿನ ಮಕ್ಕಳನ್ನು ಕೊಂದದ್ದು ಬಂದೂಕಿನ ಹೆಸರಲ್ಲ, ಹಿಡಿಕೆಯೂ ಅಲ್ಲ ಎಂದು ಅವರಿಗೆ ಗೊತ್ತು. ಕೈ ಬಿಡುವಿಲ್ಲದೆ ಗುಂಡು ಹಾರುವುದು, ಖಾಲಿಯಾದ ಮ್ಯಾಗಜಿನ್ ಕ್ಷಣದಲ್ಲಿ ಬದಲಾಗುವುದು: ಈ ಎರಡೇ ಸಂಗತಿಗಳು ಒಬ್ಬ ಮನುಷ್ಯನ ಕೋಪವನ್ನು ಸಾಮೂಹಿಕ ಕೊಲೆಯಾಗಿಸುತ್ತವೆ. ಆದರೆ ಅರೆ-ಸ್ವಯಂಚಾಲಿತ ರೈಫಲ್ ಬೇಡ ಎಂದು ನೇರವಾಗಿ ಬರೆದರೆ ಲಕ್ಷಾಂತರ ಮತದಾರರ ಮನೆಯ ಕಪಾಟು ತೆರೆಯಬೇಕಾಗುತ್ತದೆ. ಆದ್ದರಿಂದ ಹಿಡಿಕೆಯನ್ನು ಎಣಿಸಿದರು. ಮಕ್ಕಳನ್ನು ಕಳೆದುಕೊಂಡವರ ಮುಂದೆ ನಿಂತು ‘ನಿಷೇಧಿಸಿದೆವು’ ಎನ್ನಬಹುದು. ಬೇಟೆಗಾರರ ಮುಂದೆ ನಿಂತು ‘ನಿಮ್ಮದನ್ನು ಮುಟ್ಟಿಲ್ಲ’ ಎನ್ನಬಹುದು. ಎರಡು ಸಭೆಗಳಲ್ಲಿ ಎರಡು ಭಾಷಣ ಮಾಡಲು ಅನುಕೂಲವಾಗುವಂತೆ ಬರೆದ ಕಾನೂನು ಅದು. ಅದರ ಬಿರುಕು ಕಣ್ತಪ್ಪಿನಿಂದ ಉಳಿದದ್ದಲ್ಲ. ಬಿರುಕೇ ಒಪ್ಪಂದ.

ಲಕ್ಷಣಗಳ ಪಟ್ಟಿಯನ್ನು ಸಮರ್ಥಿಸುವವರ ವಾದವನ್ನೂ ಕೇಳಬೇಕು. ಪಿಸ್ತೂಲ್ ಹಿಡಿಕೆಯಿದ್ದರೆ ವೇಗವಾಗಿ ಗುಂಡು ಹಾರಿಸುವಾಗ ಬಂದೂಕನ್ನು ಹತೋಟಿಯಲ್ಲಿಡುವುದು ಸುಲಭ, ಮಡಚುವ ಬಟ್ ಇದ್ದರೆ ಬಟ್ಟೆಯೊಳಗೆ ಬಚ್ಚಿಡುವುದು ಸುಲಭ. ಆದ್ದರಿಂದ ಇವು ಬರಿಯ ಅಲಂಕಾರಗಳಲ್ಲ ಎನ್ನುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ಎಷ್ಟು? ಅನುಭವಿ ಕೈ ಮೀನುರೆಕ್ಕೆಗೂ ಒಗ್ಗಿಕೊಳ್ಳುತ್ತದೆ. ಅದೇ ಕಾಯಿದೆಗಳಲ್ಲಿ ನಿಜವಾಗಿ ಹಲ್ಲಿರುವ ಭಾಗ ಬೇರೆ: ಮ್ಯಾಗಜಿನ್‌ನಲ್ಲಿ ಹತ್ತು ಗುಂಡಿಗಿಂತ ಹೆಚ್ಚು ಬೇಡ ಎಂಬ ಮಿತಿ. ಅದು ಎಣಿಕೆ, ವರ್ಣನೆಯಲ್ಲ. ಹನ್ನೊಂದನ್ನು ಹತ್ತು ಎಂದು ತೋರಿಸುವ ಪ್ಲಾಸ್ಟಿಕ್ ಹಲಗೆಯನ್ನು ಇನ್ನೂ ಯಾರೂ ಮಾಡಿಲ್ಲ. ಬಫಲೋದ ಕೊಲೆಗಾರ ಮೂವತ್ತು ಗುಂಡಿನ ಮ್ಯಾಗಜಿನ್ ಸಿಕ್ಕಿಸಲು ಕಾನೂನನ್ನು ಮುರಿಯಲೇಬೇಕಾಯಿತು, ಬಳಸಿ ಹೋಗಲು ಆಗಲಿಲ್ಲ.

ಇಲ್ಲಿಂದ ನನಗೆ ಒಂದು ಅಳತೆಗೋಲು ಸಿಕ್ಕಿದೆ ಎಂದುಕೊಂಡಿದ್ದೇನೆ. ಕಾನೂನಿನಿಂದ ನುಣುಚಿಕೊಳ್ಳುವವರು ಎಲ್ಲ ಕಾಲಕ್ಕೂ ಇರುತ್ತಾರೆ. ನುಣುಚಿಕೊಂಡರು ಎಂಬುದೇ ಕಾನೂನಿನ ಸೋಲಲ್ಲ. ಕೇಳಬೇಕಾದ ಪ್ರಶ್ನೆ: ನುಣುಚಿಕೊಳ್ಳುವಾಗ ಅವರು ಏನನ್ನು ಬಿಟ್ಟುಹೋಗಬೇಕಾಯಿತು?

ಬ್ರಿಟನ್ನಿನ ಉದಾಹರಣೆ ನೋಡಿ. 1987ರಲ್ಲಿ ಹಂಗರ್‌ಫರ್ಡ್ ಎಂಬ ಊರಿನಲ್ಲಿ 16 ಜನರ ಹತ್ಯೆಯಾಯಿತು. ಮರುವರ್ಷದ ಕಾಯಿದೆ ಹಿಡಿಕೆ, ಬಟ್, ಬಯೋನೆಟ್ ಎಂದು ಎಣಿಸಲಿಲ್ಲ. ಸಣ್ಣ .22 ತೋಟಾದವುಗಳನ್ನು ಬಿಟ್ಟು, ತಾನಾಗಿಯೇ ಮರುತುಂಬಿಕೊಳ್ಳುವ ರೈಫಲನ್ನೇ ನಿಷೇಧಿಸಿತು. ಅಲ್ಲಿಯೂ ಜಾಣರು ಇದ್ದರು. ಗುಂಡು ಹಾರಿದ ಮೇಲೆ ಖಾಲಿ ತೋಟಾವನ್ನು ತಾನೇ ಹೊರಹಾಕಿ, ಅಲ್ಲಿಗೆ ನಿಂತು, ಇನ್ನೊಂದು ಸನ್ನೆಯನ್ನು ಒತ್ತುವ ತನಕ ಮುಂದುವರಿಯದ ರೈಫಲನ್ನು ಮಾಡಿದರು. 2019ರ ಕಾಯಿದೆಯಲ್ಲಿ ಅದನ್ನೂ ನಿಷೇಧಿಸಲಾಯಿತು. ಆದರೆ ಗಮನಿಸಿ: ನುಣುಚಿಕೊಂಡ ಆ ಬಂದೂಕು ಪ್ರತಿ ಗುಂಡಿಗೂ ಕೈಯ ಇನ್ನೊಂದು ಚಲನೆಯನ್ನು ತೆರಬೇಕಿತ್ತು. ಕಾನೂನು ಯಾವ ವೇಗಕ್ಕೆ ಹೆದರಿತ್ತೋ ಆ ವೇಗದಲ್ಲೇ ಸುಂಕ ಕಟ್ಟಬೇಕಿತ್ತು. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಅವರ ಶಿಕ್ಷಕಿಯ ಕೊಲೆಯಾದ ನಂತರ ಕೈಬಂದೂಕುಗಳ ಮೇಲೆ ನಿಷೇಧ ಬಂತು: ನಳಿಕೆ 30 ಸೆಂಟಿಮೀಟರಿಗಿಂತ, ಒಟ್ಟು ಉದ್ದ 60 ಸೆಂಟಿಮೀಟರಿಗಿಂತ ಚಿಕ್ಕದಾದ ಬಂದೂಕು ಬೇಡ. ಶೂಟಿಂಗ್ ಹವ್ಯಾಸಿಗಳಿಗಾಗಿ ಉದ್ದ ನಳಿಕೆಯ, ಹಿಡಿಕೆಯ ಹಿಂದೆ ಕಬ್ಬಿಣದ ಸರಳು ಚಾಚಿಕೊಂಡ ವಿಕಾರ ರಿವಾಲ್ವರುಗಳು ತಯಾರಾದವು. ಕ್ಯಾಲಿಫೋರ್ನಿಯಾದ ಮೀನುರೆಕ್ಕೆಯಷ್ಟೇ ನಗೆಪಾಟಲಿನ ವಸ್ತು. ಆದರೆ ಅದನ್ನು ಜೇಬಿನಲ್ಲಿ ಅಡಗಿಸಿ ಶಾಲೆಯೊಳಗೆ ಒಯ್ಯಲಾಗದು. ಆ ಕಾಯಿದೆ ಹೆದರಿದ್ದು ಜೇಬಿಗೆ. ನುಣುಚಿಕೊಂಡವನು ಜೇಬನ್ನೇ ಬಿಟ್ಟುಹೋಗಬೇಕಾಯಿತು.

ಈಗ ಅದೇ ತಕ್ಕಡಿಯಲ್ಲಿ ಅಮೆರಿಕದ ಬಂದೂಕುಗಳನ್ನು ತೂಗಿ. ಟೆಕ್-ಡಿಸಿ9 ಬಿಟ್ಟದ್ದು ಪಕ್ಕದ ಒಂದು ಬಳೆ. ಬುಲೆಟ್ ಬಟನ್ ಬಿಟ್ಟದ್ದು ಬೆರಳಿನ ಸಲೀಸು. ಮೀನುರೆಕ್ಕೆ ಬಿಟ್ಟದ್ದು ಹೆಬ್ಬೆರಳಿನ ಸುಖ. ಕೊಲ್ಲುವ ಶಕ್ತಿ ಎಲ್ಲಿಯೂ ಸುಂಕದ ಕಟ್ಟೆಯಲ್ಲಿ ನಿಲ್ಲಲಿಲ್ಲ.

ಒಂದು ಬಲವಾದ ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾಗದು. ಯಂತ್ರದ ಕೆಲಸವನ್ನೇ ವರ್ಣಿಸಿದ ಕಾನೂನು ಅಮೆರಿಕದಲ್ಲಿಯೂ ಇದೆ. 1934ರಿಂದಲೂ ಮಷಿನ್‌ಗನ್ ಎಂದರೆ ಟ್ರಿಗರಿನ ಒಂದೇ ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವಂಥದ್ದು. ಅದಕ್ಕೂ ‘ಬಂಪ್ ಸ್ಟಾಕ್’ ಎಂಬ ಉಪಾಯ ಹುಟ್ಟಿತಲ್ಲ? ಬಂದೂಕಿನ ಒದೆತವನ್ನೇ ಬಳಸಿ ಟ್ರಿಗರು ಮತ್ತೆ ಮತ್ತೆ ಬೆರಳಿಗೆ ಬಡಿಯುವಂತೆ ಮಾಡುವ ಬಟ್ ಅದು. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನಲ್ಲಿ ಸಂಗೀತ ಕೇಳುತ್ತಿದ್ದ ಜನರ ಮೇಲೆ ಅದನ್ನು ಬಳಸಲಾಯಿತು. ಅದು ಮಷಿನ್‌ಗನ್ ಅಲ್ಲ ಎಂದು 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಪ್ರತಿ ಗುಂಡಿಗೂ ಟ್ರಿಗರು ಒಮ್ಮೆ ಚಲಿಸುತ್ತದಲ್ಲ! ನಿಜ. ಆದರೆ ಇದು ನನ್ನ ಮಾತನ್ನು ಮುರಿಯುವ ಉದಾಹರಣೆಯಲ್ಲ. ಅಲ್ಲಿ ಕೂಡ ಪದಗಳು ಒಂದು ಬಿಡಿಭಾಗದ ಚಲನೆಗೆ ಕಟ್ಟುಬಿದ್ದಿದ್ದವು, ಫಲಕ್ಕಲ್ಲ. ಬೇಕಾದರೆ ಕಾಂಗ್ರೆಸ್ಸು ಕಾನೂನನ್ನು ತಿದ್ದಬಹುದು ಎಂದು ಬಹುಮತದ ನ್ಯಾಯಮೂರ್ತಿಗಳಲ್ಲಿ ಒಬ್ಬರೇ ಬರೆದರು. ತಿದ್ದಲು ಬೇಕಾದದ್ದು ಒಂದೆರಡು ಸಾಲು. ಕೊರತೆ ಇದ್ದದ್ದು ಪದಗಳಿಗಲ್ಲ.

ನಮ್ಮ ನೆಲದ ಉದಾಹರಣೆಯೊಂದು ಈ ಅಳತೆಗೋಲಿನ ಇನ್ನೊಂದು ಮುಖವನ್ನು ತೋರಿಸುತ್ತದೆ. ಭಾರತದಲ್ಲಿ ಪರವಾನಗಿ ಪಡೆದವರು ಇಟ್ಟುಕೊಳ್ಳುವ .315 ಬೋರಿನ ರೈಫಲ್ ಕೂಡ ಕಾನೂನಿಗೆ ತಕ್ಕಂತೆ ಹುಟ್ಟಿದ ಬಂದೂಕೇ. ಸೈನ್ಯದ .303 ತೋಟಾ ಹಾರಿಸುವ ಬಂದೂಕು ಪ್ರಜೆಗಳ ಕೈಗೆ ಹೋಗಬಾರದು ಎಂಬುದು ಬ್ರಿಟಿಷ್ ಆಡಳಿತದ ನಿರ್ಧಾರ. ಸೈನ್ಯದ ತೋಟಾ ಕೂರದಂಥ ಬೇರೆ ಅಳತೆಯ ರೈಫಲನ್ನು ಭಾರತದ ಮಾರುಕಟ್ಟೆಗಾಗಿ ಮಾಡಿದರು. ಇಚ್ಛಾಪುರದ ಕಾರ್ಖಾನೆ ಸ್ವಾತಂತ್ರ್ಯದ ನಂತರವೂ ಅದನ್ನು ತಯಾರಿಸುತ್ತ ಬಂದಿದೆ. ಸಾಮ್ರಾಜ್ಯಕ್ಕೆ ತನ್ನ ಭಯ ಏನೆಂದು ಸ್ಪಷ್ಟವಾಗಿ ಗೊತ್ತಿತ್ತು: ತನ್ನದೇ ಉಗ್ರಾಣದಿಂದ ಕದ್ದ ತೋಟಾ ತನ್ನದೇ ಎದೆಗೆ ಬರಬಾರದು. ಆ ಭಯವನ್ನು ಅದು ನಳಿಕೆಯ ಅಳತೆಯಲ್ಲಿ ನೇರವಾಗಿ ಬರೆಯಿತು, ಬರೆದದ್ದು ಫಲಿಸಿತು. ಉತ್ತರ ಭಾರತದ ಪತ್ರಿಕೆಗಳ ಅಪರಾಧ ವರದಿಗಳಲ್ಲಿ ಇಂದು ಪದೇ ಪದೇ ಬರುವ ನಾಡಪಿಸ್ತೂಲು, ‘ಕಟ್ಟಾ’, ಅದೇ .315ರದು. ಸಾಮ್ರಾಜ್ಯದ ಕಾನೂನು ಸಾಮ್ರಾಜ್ಯವನ್ನು ಕಾಪಾಡಲು ಬರೆದದ್ದು, ನಮ್ಮನ್ನಲ್ಲ. ಕಾನೂನು ಯಾವುದಕ್ಕೆ ಹೆದರುತ್ತದೆ ಎಂಬುದರ ಜೊತೆಗೆ ಯಾರ ಪರವಾಗಿ ಹೆದರುತ್ತದೆ ಎಂಬುದನ್ನೂ ಕೇಳಬೇಕು.

ಇಷ್ಟು ಓದಿದ ಕನ್ನಡಿಗರ ಮನಸ್ಸಿಗೆ ಕೊಡಗು ಬಂದೇ ಬಂದಿರುತ್ತದೆ. 1861ರಿಂದ ನಡೆದುಬಂದು, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿರುವ ವಿನಾಯಿತಿಯಂತೆ ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ‘ನೋಡಿ, ಕೊಲ್ಲುವುದು ಬಂದೂಕಲ್ಲ, ಮನುಷ್ಯ’ ಎಂದು ಅಮೆರಿಕದ ಘೋಷಣೆಯನ್ನು ಇಲ್ಲಿಗೆ ತಂದು ಅಂಟಿಸುವವರಿದ್ದಾರೆ. ಆದರೆ ಆ ವಿನಾಯಿತಿ ಯಾರಿಗೆ, ಎಲ್ಲಿಯ ನೆಲಕ್ಕೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅದು ಪರವಾನಗಿಯಿಂದ ಕೊಟ್ಟ ಬಿಡುಗಡೆಯೇ ಹೊರತು ಯಂತ್ರಬಂದೂಕು ಇಟ್ಟುಕೊಳ್ಳುವ ಹಕ್ಕಲ್ಲ. ಒಪ್ಪುವವರು ಒಪ್ಪಬಹುದು, ಒಪ್ಪದವರು ನ್ಯಾಯಾಲಯಕ್ಕೆ ಹೋಗಬಹುದು, ಹೋಗಿಯೂ ಇದ್ದಾರೆ. ಹೇಳಿದ್ದನ್ನೇ ಹೇಳುವ ಕಾನೂನಿನೊಡನೆ ಜಗಳವಾಡಲು ಸಾಧ್ಯ. ಒಂದು ಹೇಳಿ ಇನ್ನೊಂದನ್ನು ಬಿಟ್ಟುಕೊಡುವ ಕಾನೂನಿನೊಡನೆ ಜಗಳವಾಡುವುದು ಹೇಗೆ?

ಕೊನೆಗೆ ತಯಾರಕರ ಮಾತು. ‘ನಾವು ಕಾನೂನನ್ನು ಅಕ್ಷರಶಃ ಪಾಲಿಸಿದ್ದೇವೆ’ ಎಂಬುದು ಅವರ ಒಂದೇ ಸಮರ್ಥನೆ. ಈ ಸಮರ್ಥನೆ ನಮ್ಮ ಕಚೇರಿಗಳಲ್ಲೂ ಚಿರಪರಿಚಿತ. ಟೆಂಡರ್ ಕರೆಯಬೇಕಾದ ಮೊತ್ತದ ಒಂದು ಖರೀದಿಯನ್ನು ನಾಲ್ಕು ಕಡತಗಳಾಗಿ ಒಡೆದರೆ ಪ್ರತಿಯೊಂದು ಕಡತವೂ ನಿಯಮದೊಳಗೇ ಇರುತ್ತದೆ. ನಾಲ್ಕೂ ಸೇರಿ ಮಾತ್ರ ನಿಯಮಕ್ಕೆ ಮೋಸ. ಹಾಗೆ ಒಡೆದವರನ್ನು ನಾವು ಜಾಣರೆಂದು ಹೊಗಳುತ್ತೇವೆ, ‘ಜುಗಾಡ್’ ಎಂದು ಮುದ್ದಿನ ಹೆಸರಿಟ್ಟಿದ್ದೇವೆ. ಮೀನುರೆಕ್ಕೆಯ ಬಂದೂಕನ್ನು ಕಂಡು ನಗುವ ನಮ್ಮ ನಗೆಯಲ್ಲಿ ಆ ಮೆಚ್ಚುಗೆಯೂ ಬೆರೆತಿದೆ. ಅದಕ್ಕೇ ಆ ನಗೆ ನನಗೆ ಸಹ್ಯವಾಗುವುದಿಲ್ಲ. ‘ಪಾಲನೆ’ ಎಂಬುದು ಒಮ್ಮೆ ನೀತಿಯ ಮಾತಾಗಿತ್ತು. ಇಂದು ‘ಕ್ಯಾಲಿಫೋರ್ನಿಯಾ ಕಂಪ್ಲಯಂಟ್’ ಎಂಬುದು ಬಂದೂಕಿನಂಗಡಿಯ ಸರಕಿನ ಚೀಟಿ. ಕಾನೂನಿನ ಪ್ರತಿಯೊಂದು ಅಕ್ಷರವನ್ನೂ ಓದಿದವನು ಆ ಕಾನೂನು ಯಾಕೆ ಬಂತೆಂಬುದನ್ನು ಓದಿಲ್ಲ ಎಂದರೆ ನಂಬಬೇಕೆ? ಇಷ್ಟಾದರೂ ಅವನನ್ನು ಶಪಿಸಿ ಸುಮ್ಮನಾಗುವುದು ಶಾಸಕನಿಗೆ ಕೊಡುವ ರಿಯಾಯಿತಿ. ವ್ಯಾಪಾರಿ ಲಾಭಕ್ಕಾಗಿ ಬಿರುಕು ಹುಡುಕುತ್ತಾನೆ. ಬಿರುಕು ಇಟ್ಟು ಬಾಗಿಲು ಹಾಕಿದ್ದೇನೆ ಎಂದವನು ನಂಬಿದವರಿಗೆ ದ್ರೋಹ ಮಾಡುತ್ತಾನೆ.

ಕಾನೂನು ಬರೆಯುವವರಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ನಿಷೇಧದ ಪ್ರತಿಯೊಂದು ವಾಕ್ಯವನ್ನು ಬರೆದ ಮೇಲೆ, ನಾಳೆ ಅದರಿಂದ ನುಣುಚಿಕೊಳ್ಳುವವನ ಸ್ಥಾನದಲ್ಲಿ ಕುಳಿತು ಒಮ್ಮೆ ಓದಲಿ. ಅವನು ಬಿಟ್ಟುಹೋಗಬೇಕಾದದ್ದು ಕೊಲ್ಲುವ ವೇಗವಾದರೆ ಆ ವಾಕ್ಯ ಇರಲಿ. ಬರಿಯ ಒಂದು ಬಳೆಯಾದರೆ ಆ ವಾಕ್ಯವನ್ನು ಹರಿದುಹಾಕಿ ಮತ್ತೆ ಬರೆಯಲಿ. ಬರೆಯುವ ಧೈರ್ಯವಿಲ್ಲದಿದ್ದರೆ ಸ್ಟಾಕ್ಟನ್ನಿನ ತಾಯಂದಿರ ಮುಂದೆ ಹೋಗಿ, ನಮ್ಮಿಂದ ಆಗಲಿಲ್ಲ ಎಂದಾದರೂ ಹೇಳಲಿ.